ಮನೆ ಖಾಲಿ ಮಾಡಿ ಐದು ತಿಂಗಳಾಯ್ತು, ಓನರ್ ಅಡ್ವಾನ್ಸ್ ಕೊಡುತ್ತಿಲ್ಲ. ಏನು ಮಾಡಬಹುದು?

ಮಹಡಿಮನೆ:
ಶಿವಮೊಗ್ಗದವರು ಯಾರಾದರೂ ದಾರಿ ತೋರಿಸಿ. ಗೋಪಾಳದಲ್ಲಿ ಒಂದು ಮಹಡಿ ಮನೆಯಲ್ಲಿ ಮೂರು ವರ್ಷ ಇದ್ದೆವು. ಬಾಡಿಗೆ 9,500, ಅಡ್ವಾನ್ಸ್ 60,000. ಒಂದು ತಿಂಗಳೂ ಬಾಡಿಗೆ ತಪ್ಪಿಸಿಲ್ಲ, ಎಲ್ಲ ಫೋನ್‌ಪೇಯಲ್ಲೇ ಹಾಕಿದ್ದೇನೆ. ಮಗಳ ಶಾಲೆ ಹತ್ತಿರ ಆಗಲಿ ಅಂತ ಮೇ ಕೊನೆಗೆ ವಿನೋಬನಗರಕ್ಕೆ ಬಂದೆವು. ಒಂದು ತಿಂಗಳು ಮೊದಲೇ ವಾಟ್ಸಾಪ್‌ನಲ್ಲಿ ತಿಳಿಸಿದ್ದೆ.

ಬೀಗದ ಕೈ ಕೊಡುವ ದಿನ ಓನರ್ ಮನೆಯೆಲ್ಲ ನೋಡಿ ಸರಿ ಇದೆ ಅಂದರು. "ಅಡಿಕೆ ಮಾರಿದ ಕೂಡಲೇ ನಿಮ್ಮ ದುಡ್ಡು ಹಾಕ್ತೀನಿ" ಅಂದರು. ನಂಬಿದೆ. ಜುಲೈನಲ್ಲಿ ಕೇಳಿದರೆ ರೇಟ್ ಇಲ್ಲ ಅಂದರು. ಈಗ ಈ ಸಲದ ಕೊಯ್ಲು ಆಗಲಿ ಅನ್ನುತ್ತಿದ್ದಾರೆ. ಮೊನ್ನೆ ಸ್ವಲ್ಪ ಗಟ್ಟಿಯಾಗಿ ಕೇಳಿದ್ದಕ್ಕೆ ಮಾತೇ ಬದಲಾಯಿತು. ಮಲಗುವ ಕೋಣೆ ಗೋಡೆಗೆ ಬೂಸ್ಟು ಬಂದಿದೆ, ನೀವು ಒಳಗೆ ಬಟ್ಟೆ ಒಣಗಿಸಿದ್ದಕ್ಕೆ ಹಾಗಾಗಿದೆ, ಸುಣ್ಣಬಣ್ಣಕ್ಕೆ 35,000 ಆಗಿದೆ, ಅದನ್ನು ಹಿಡಿದುಕೊಂಡು ಉಳಿದದ್ದು ನೋಡೋಣ ಅಂತ. ಆ ಮನೆಗೆ ಜೂನ್‌ನಲ್ಲೇ ಬೇರೆಯವರು ಬಂದಾಗಿದೆ. ಬಣ್ಣ ಹೊಡೆಸಿದ್ದು ನಾನಂತೂ ನೋಡಿಲ್ಲ.

ಕರಾರು 11 ತಿಂಗಳಿಗೆ ಮಾತ್ರ ಆಗಿತ್ತು. ಆಮೇಲೆ ಬಾಯಿಮಾತಲ್ಲೇ ಮುಂದುವರಿದೆವು. ಹಾಗಾಗಿ ನನ್ನ ಹತ್ತಿರ ಹಿಡಿತವೇ ಇಲ್ಲವಾ? 60,000 ನಮಗೆ ಸಣ್ಣ ದುಡ್ಡಲ್ಲ. ಹೊಸ ಮನೆಯ ಅಡ್ವಾನ್ಸಿಗೆ ಹೆಂಡತಿಯ ಬಳೆ ಅಡ ಇಟ್ಟಿದ್ದೇವೆ.

ಹೊಸನಗರದವ:
ನನಗೂ ಹೀಗೇ ಆಗಿತ್ತು ಅಣ್ಣ. 40,000 ಹೋಯಿತು. ಕೊನೆಗೆ ಕೇಳುವುದನ್ನೇ ಬಿಟ್ಟೆ.

ಭದ್ರಾಕಾಲುವೆ:
ಬಿಡಬೇಡಿ. ಸೀದಾ ಸ್ಟೇಷನ್‌ಗೆ ಹೋಗಿ ಕಂಪ್ಲೇಂಟ್ ಕೊಡಿ. ಪೊಲೀಸರು ಒಂದು ಫೋನ್ ಮಾಡಿದರೆ ಸಂಜೆಯೊಳಗೆ ದುಡ್ಡು ಬರುತ್ತದೆ.

ಕೋರ್ಟ್‌ಹಾದಿ:
ಭದ್ರಾಕಾಲುವೆ ಅವರೇ, ಹಾಗೆ ಆಗುವುದು ಅಪರೂಪ. ಅಡ್ವಾನ್ಸ್ ವಾಪಸ್ ಕೊಡದಿರುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯ. ಸ್ಟೇಷನ್‌ನಲ್ಲಿ "ಇದು ಸಿವಿಲ್ ಸ್ವರೂಪದ್ದು, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳಿ" ಅಂತ ಹಿಂಬರಹ ಕೊಟ್ಟು ಕಳಿಸುತ್ತಾರೆ. ಮೊದಲಿನಿಂದಲೇ ಮೋಸ ಮಾಡುವ ಉದ್ದೇಶ ಇದ್ದರೆ ಮಾತು ಬೇರೆ. ತನ್ನದಲ್ಲದ ಮನೆ ತೋರಿಸಿ ಅಡ್ವಾನ್ಸ್ ತೆಗೆದುಕೊಂಡ, ಒಂದೇ ಮನೆಯನ್ನು ಮೂವರಿಗೆ ಮಾತಾಡಿದ, ಅಂಥದ್ದಕ್ಕೆ ವಂಚನೆ ಕೇಸ್ ಆಗುತ್ತದೆ. ಇವರದ್ದು ಹಾಗಲ್ಲ.

ಇನ್ನೊಂದು ದಾರಿ ಇದೆ. ಓನರ್ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರಲ್ಲಿ ಕೇಸ್ ಹಾಕಬಹುದು. ಬ್ಯಾಂಕ್ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ಅವರಿಗೆ ಅದು ಸಿಕ್ಕಿದ ಮೇಲೆ 15 ದಿನ ಸಮಯ. ಆಗಲೂ ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ. ಆದ್ದರಿಂದ "ಚೆಕ್ ಆದರೂ ಕೊಡಿ" ಅಂತ ಕೇಳುವುದು ಒಳ್ಳೆಯದೇ.

ಮಹಡಿಮನೆ:
ಚೆಕ್ ಏನೂ ಕೊಟ್ಟಿಲ್ಲ ಸಾರ್. ಕರಾರು ಮುಗಿದದ್ದೇ ನನಗೆ ಭಯ.

ಕೋರ್ಟ್‌ಹಾದಿ:
ಅದಕ್ಕೆ ಭಯ ಬೇಡ. ಕರಾರು ಮುಗಿದ ಮೇಲೂ ನೀವು ಬಾಡಿಗೆ ಕೊಟ್ಟಿರಿ, ಅವರು ತೆಗೆದುಕೊಂಡರು. ಅಲ್ಲಿಗೆ ಅದು ತಿಂಗಳ ಲೆಕ್ಕದ ಬಾಡಿಗೆಯಾಗಿ ಮುಂದುವರಿಯುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 116 ಇದನ್ನೇ ಹೇಳುತ್ತದೆ. ತಿಂಗಳ ಬಾಡಿಗೆಯನ್ನು ಬಿಡುವುದಕ್ಕೆ ಕಲಂ 106ರಲ್ಲಿ 15 ದಿನದ ನೋಟಿಸ್ ಸಾಕು, ನೀವು ಒಂದು ತಿಂಗಳು ಕೊಟ್ಟಿದ್ದೀರಿ.

ಕೆಲವರು ಬಾಡಿಗೆ ಕಾಯ್ದೆ ಅಂತ ಹೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆ ಮನೆಗಳಿಗೆ ಅನ್ವಯ ಆಗುವುದಿಲ್ಲ. ನಿಮ್ಮದು 9,500. ಹಾಗಾಗಿ ಅದನ್ನು ಮರೆತುಬಿಡಿ. ನಿಮ್ಮದು ಸರಳವಾಗಿ ಬರಬೇಕಾದ ಹಣದ ವಸೂಲಿ. ಅದಕ್ಕೆ ಮೂರು ವರ್ಷದ ಕಾಲಮಿತಿ ಇದೆ, ಐದು ತಿಂಗಳಷ್ಟೇ ಕಳೆದಿದೆ.

ಬಣ್ಣದ ವಿಷಯ. ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 108ರಲ್ಲಿ ಬಾಡಿಗೆದಾರ ಮನೆಯನ್ನು ಬಂದಾಗ ಇದ್ದ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು ಅಂತ ಇದೆ. ಆದರೆ ಸಹಜವಾದ ಸವೆತ, ಮನುಷ್ಯನ ಕೈಮೀರಿದ ಕಾರಣಕ್ಕೆ ಆದ ಬದಲಾವಣೆ ಇವನ್ನು ಬಿಟ್ಟು. ಮೂರು ವರ್ಷ ವಾಸ ಮಾಡಿದ ಮನೆಯ ಬಣ್ಣ ಮಾಸುತ್ತದೆ. ಕರಾರಿನಲ್ಲಿ "ಖಾಲಿ ಮಾಡುವಾಗ ಬಣ್ಣಕ್ಕೆ ಇಷ್ಟು" ಅಂತ ಬರೆದಿದೆಯಾ? ಅದನ್ನು ಮೊದಲು ನೋಡಿ ಹೇಳಿ.

ಮಹಡಿಮನೆ:
ಈಗ ತೆಗೆದು ಓದಿದೆ ಸಾರ್. "ಬಣ್ಣದ ಖರ್ಚಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು" ಅಂತ ಒಂದು ಸಾಲು ಇದೆ.

ಕೋರ್ಟ್‌ಹಾದಿ:
ಹಾಗಾದರೆ 9,500 ಅವರಿಗೆ ಬಿಡಿ. ನೀವೇ ಸಹಿ ಹಾಕಿದ ಮಾತು. ನಿಮ್ಮ ಲೆಕ್ಕ 50,500. ಹಠ ಮಾಡಿ 60,000 ಕೇಳಿದರೆ ನಿಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ.

ಎರಡುಮನೆಯಮ್ಮ:
ಎಲ್ಲರೂ ಓನರ್‌ಗಳನ್ನೇ ಬೈಯುತ್ತೀರಿ, ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ನನ್ನ ಎರಡು ಸಣ್ಣ ಮನೆ ಬಾಡಿಗೆಗೆ ಇವೆ. ಯಜಮಾನರು ಹೋದ ಮೇಲೆ ಅದರಲ್ಲೇ ಜೀವನ. ಹೋದ ವರ್ಷ ಒಬ್ಬರು ಖಾಲಿ ಮಾಡಿದರು, ಪಾಪ ಒಳ್ಳೆಯವರು ಅಂತ ಅವತ್ತೇ ಪೂರ್ತಿ ಅಡ್ವಾನ್ಸ್ ಕೊಟ್ಟೆ. ವಾರ ಬಿಟ್ಟು ಮೆಸ್ಕಾಂ ಕರೆಂಟ್ ಬಿಲ್ ಬಂತು, ಮೂರು ತಿಂಗಳ ಬಾಕಿ. ಬಚ್ಚಲ ಪೈಪು ಒಡೆದಿತ್ತು. ಅಡುಗೆಮನೆ ಕಲ್ಲು ಸೀಳಿತ್ತು. ಫೋನ್ ಮಾಡಿದರೆ ಎತ್ತಲಿಲ್ಲ. 11,000 ನನ್ನ ಕೈಯಿಂದ ಹೋಯಿತು. ಹಾಗಾಗಿ ಈಗ 15 ದಿನ ಬಿಟ್ಟೇ ಕೊಡುತ್ತೇನೆ. ಅದು ತಪ್ಪಾ?

ತುಂಗಾದಡ:
ತಪ್ಪಲ್ಲ ಅಕ್ಕ. 15 ದಿನ ಯಾರೂ ಬೇಡ ಅನ್ನುವುದಿಲ್ಲ. ಐದು ತಿಂಗಳು ಬೇರೆ, ಅಲ್ವಾ? ಹೊಸಬರ ಅಡ್ವಾನ್ಸ್ ತೆಗೆದುಕೊಂಡಾಗಿದೆ, ಹಳಬರದ್ದು ಕೊಟ್ಟಿಲ್ಲ.

ಎರಡುಮನೆಯಮ್ಮ:
ಅದು ತಪ್ಪೇ. ನಾನು ಹಿಡಿದರೆ ಬಿಲ್ ತೋರಿಸಿ ಹಿಡಿಯುತ್ತೇನೆ. ಪ್ಲಂಬರ್ ಕೈಯಲ್ಲಿ ಚೀಟಿ ಬರೆಸಿಕೊಂಡು ಅವರಿಗೆ ಫೋಟೋ ಕಳಿಸುತ್ತೇನೆ. 35,000 ಅಂತ ಬಾಯಲ್ಲಿ ಹೇಳುವುದು ಸರಿಯಲ್ಲ.

ಮೇಸ್ತ್ರಿಮಗ:
ಬೂಸ್ಟಿನ ಬಗ್ಗೆ ಒಂದು ಮಾತು. ಕಟ್ಟಡದ ಕೆಲಸದಲ್ಲಿ 22 ವರ್ಷ ಇದ್ದೇನೆ. ಬೂಸ್ಟು ಎಲ್ಲಿಂದ ಶುರುವಾಗಿದೆ ಅಂತ ನೋಡಿದರೆ ತಪ್ಪು ಯಾರದು ಅಂತ ಹೆಚ್ಚುಕಡಿಮೆ ಗೊತ್ತಾಗುತ್ತದೆ. ನೆಲದಿಂದ ಮೇಲಕ್ಕೆ ಮೂರು ಅಡಿ ತನಕ ಇದ್ದರೆ ಅಡಿಪಾಯದಿಂದ ತೇವ ಏರುತ್ತಿದೆ. ತಾರಸಿ ಸೇರುವ ಮೂಲೆಯಿಂದ ಕೆಳಗೆ ಇಳಿದಿದ್ದರೆ ಮೇಲೆ ನೀರು ನಿಲ್ಲುತ್ತಿದೆ, ಇಲ್ಲ ಪ್ಯಾರಾಪೆಟ್ ಬುಡ ಬಿರುಕು ಬಿಟ್ಟಿದೆ. ಪಶ್ಚಿಮದ ಗೋಡೆಯಲ್ಲಿ ಮಧ್ಯೆ ಮಧ್ಯೆ ಕಲೆ ಇದ್ದರೆ ಮುಂಗಾರು ಮಳೆ ಸೀದಾ ಹೊಡೆದು ಹೊರಗಿನ ಗಾರೆಯಿಂದ ಒಳಗೆ ಬಂದಿದೆ. ಈ ಮೂರಕ್ಕೂ ಬಾಡಿಗೆದಾರ ಏನೂ ಮಾಡಲು ಆಗುವುದಿಲ್ಲ. ಬೀರುವಿನ ಹಿಂದೆ ಮಾತ್ರ, ಕಿಟಕಿಯನ್ನೇ ತೆಗೆಯದ ಕೋಣೆಯಲ್ಲಿ ಬಂದಿದ್ದರೆ ಆಗ ವಾಸ ಮಾಡಿದವರದ್ದೂ ಸ್ವಲ್ಪ ಪಾಲು ಇದೆ ಅನ್ನಬಹುದು. ಒಳಗೆ ಒದ್ದೆ ಬಟ್ಟೆ ಹಾಕಿದರೆ ತೇವ ಜಾಸ್ತಿ ಆಗುವುದು ನಿಜ. ಆದರೆ ಮಲೆನಾಡಲ್ಲಿ ಜುಲೈ ತಿಂಗಳಲ್ಲಿ ಬಟ್ಟೆಯನ್ನು ಬೇರೆ ಎಲ್ಲಿ ಒಣಗಿಸಬೇಕು?

ಆಗುಂಬೆಹತ್ತಿರ:
ಸರಿಯಾಗಿ ಹೇಳಿದಿರಿ. ನಮ್ಮ ಕಡೆ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಸ್ಟು ಬರುತ್ತದೆ. ಅಜ್ಜನ ಕಾಲದಲ್ಲಿ ಮಳೆಗಾಲಕ್ಕೆ ಮೊದಲು ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಅಡುಗೆಮನೆ ಒಲೆಯ ಮೇಲೆ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದೆವು. ಈಗಿನ ಆರ್‌ಸಿಸಿ ಮನೆಗೆ ಮಾಡು ಹೊರಗೆ ಚಾಚುವುದೇ ಇಲ್ಲ, ಗೋಡೆ ಪೂರ್ತಿ ಮಳೆಗೆ ಒಡ್ಡಿಕೊಂಡಿರುತ್ತದೆ.

ಮೇಸ್ತ್ರಿಮಗ:
ಹೌದು, ಒಂದೂವರೆ ಅಡಿ ಸಜ್ಜಾ ಬಿಟ್ಟರೆ ಅರ್ಧ ತೊಂದರೆ ಇರುವುದಿಲ್ಲ. ಹೇಳಿದರೆ ಯಾರೂ ಕೇಳುವುದಿಲ್ಲ.

ಮಹಡಿಮನೆ:
ನಮ್ಮ ಕೋಣೆಯಲ್ಲಿ ಮೇಲಿನ ಮೂಲೆಯಿಂದಲೇ ಇಳಿದಿತ್ತು. ಎರಡು ವರ್ಷದ ಹಿಂದೆಯೇ ಫೋಟೋ ತೆಗೆದು ಓನರ್‌ಗೆ ಕಳಿಸಿದ್ದೆ. "ಮಳೆ ನಿಂತ ಮೇಲೆ ನೋಡೋಣ" ಅಂತ ಉತ್ತರ ಬಂದಿತ್ತು. ಆ ಮೆಸೇಜ್ ಇನ್ನೂ ಇದೆ!

ಕೋರ್ಟ್‌ಹಾದಿ:
ಅದು ಬಹಳ ಮುಖ್ಯ. ಅಳಿಸಬೇಡಿ, ಫೋನ್ ಬದಲಾಯಿಸಬೇಡಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ಇಂಥ ಮೆಸೇಜ್‌ಗಳನ್ನು ಪ್ರಮಾಣಪತ್ರದ ಜೊತೆ ಕೋರ್ಟಿಗೆ ಕೊಡಬಹುದು. "ಕೊಯ್ಲು ಆದ ಮೇಲೆ ಕೊಡ್ತೀನಿ" ಅಂದದ್ದು ಕೂಡ ಬರಹದಲ್ಲಿ ಇದ್ದರೆ ಜೋಪಾನ ಮಾಡಿ. ಬಾಕಿ ಇದೆ ಅಂತ ಅವರೇ ಒಪ್ಪಿಕೊಂಡ ಹಾಗೆ ಆಯಿತು.

ಶಂಕರಘಟ್ಟರೂಮ್:
ಕನ್ಸ್ಯೂಮರ್ ಕೋರ್ಟಿಗೆ ಹೋಗಬಹುದಲ್ಲಾ? ನನ್ನ ಗೆಳೆಯ ಪಿಜಿಯವರ ಮೇಲೆ ಹಾಕುತ್ತೇನೆ ಅನ್ನುತ್ತಿದ್ದ.

ಕೋರ್ಟ್‌ಹಾದಿ:
ಬರೀ ಮನೆ ಬಾಡಿಗೆ ವಿಷಯ ಅಲ್ಲಿ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಓನರ್ ನಿಮಗೆ ಸೇವೆ ಮಾರುತ್ತಿಲ್ಲ, ಜಾಗ ಕೊಟ್ಟಿದ್ದಾರೆ. ಪಿಜಿಯಲ್ಲಿ ಊಟ, ಸ್ವಚ್ಛತೆ, ವೈಫೈ ಎಲ್ಲಕ್ಕೂ ಸೇರಿಸಿ ದುಡ್ಡು ತೆಗೆದುಕೊಳ್ಳುತ್ತಾರೆ, ಅಲ್ಲಿ ವಾದಕ್ಕೆ ಜಾಗ ಇದೆ.

ಸಾಗರದನರ್ಸ್:
ನನ್ನ ಅನುಭವ ಹೇಳುತ್ತೇನೆ, ಸ್ವಲ್ಪ ಉದ್ದ ಇದೆ. ಸಾಗರದಲ್ಲಿ ಕೆಲಸಕ್ಕೆ ಸೇರಿದಾಗ ಒಂದು ಮನೆ ಮಾಡಿದ್ದೆ. 30,000 ಅಡ್ವಾನ್ಸ್. ವರ್ಗ ಆಗಿ ಬಿಟ್ಟೆ. ಓನರ್ ಏಳು ತಿಂಗಳು ಸತಾಯಿಸಿದರು. ಒಂಟಿ ಹುಡುಗಿ, ಊರು ಬಿಟ್ಟು ಹೋದಳು, ಇನ್ನೇನು ಮಾಡುತ್ತಾಳೆ ಅಂದುಕೊಂಡಿರಬೇಕು. ವಕೀಲರಿಗೆ ಕೊಡುವಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ. ಆಸ್ಪತ್ರೆಗೆ ಬರುವ ಒಬ್ಬ ಅಜ್ಜ ಹೇಳಿದರು, ಕೋರ್ಟಿನಲ್ಲೇ ಕಾನೂನು ಸೇವೆಗಳ ಸಮಿತಿ ಇದೆ, ಅಲ್ಲಿ ಹೋಗಮ್ಮ ಅಂತ.

ಹೋದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ ಅನ್ನುವುದು ಆವತ್ತೇ ಗೊತ್ತಾಗಿದ್ದು. ಬಿಳಿ ಹಾಳೆಯಲ್ಲಿ ಕನ್ನಡದಲ್ಲೇ ಬರೆದುಕೊಟ್ಟೆ. ಅವರು ಓನರ್‌ಗೆ ನೋಟಿಸ್ ಕಳಿಸಿದರು. ಕೋರ್ಟಿನ ಹೆಸರು ಇರುವ ಕಾಗದ ಮನೆಗೆ ಹೋದಾಗ ಆಗುವ ವ್ಯತ್ಯಾಸ ನಾನು ಹಾಕಿದ ನೂರು ಫೋನಿಗೆ ಆಗಿರಲಿಲ್ಲ. ಎರಡನೇ ತಾರೀಕಿಗೆ ಬಂದರು. ಅಲ್ಲಿ ಕೂತವರು ಇಬ್ಬರ ಮಾತೂ ಕೇಳಿದರು. ಅವರು 2,500 ಬಿಲ್ ತೋರಿಸಿದರು, ಒಪ್ಪಿದೆ. 27,500ವನ್ನು ಎರಡು ಕಂತಲ್ಲಿ ಕೊಡುವುದು ಅಂತ ಲೋಕ ಅದಾಲತ್‌ನಲ್ಲಿ ಬರೆದು ಇಬ್ಬರ ಸಹಿ ಆಯಿತು. ಕೋರ್ಟ್ ಫೀ ಒಂದು ಪೈಸೆ ಇಲ್ಲ. ಎರಡೂ ಕಂತು ಬಂತು.

ತುಂಗಾದಡ:
ಒಪ್ಪಂದ ಆದ ಮೇಲೆ ಕೊಡದಿದ್ದರೆ?

ಕೋರ್ಟ್‌ಹಾದಿ:
ಲೋಕ ಅದಾಲತ್‌ನ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆ ಇದೆ. ಅಪೀಲು ಇಲ್ಲ. ಕೊಡದಿದ್ದರೆ ಅದನ್ನೇ ಇಟ್ಟುಕೊಂಡು ಕೋರ್ಟಿನ ಮೂಲಕ ವಸೂಲಿಗೆ ಅಮಲ್ಜಾರಿ ಅರ್ಜಿ ಹಾಕಬಹುದು. ಆದರೆ ಒಂದು ಮಿತಿ ನೆನಪಿರಲಿ, ಅಲ್ಲಿ ಇಬ್ಬರೂ ಒಪ್ಪಬೇಕು. ಎದುರಿನವರು ಬರುವುದೇ ಇಲ್ಲ ಅಂದರೆ ದಾವೆಯೇ ದಾರಿ. ಜಿಲ್ಲೆಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕಿಗೆ ಸಮಿತಿ. ಸಹಾಯವಾಣಿ 15100.

ಭದ್ರಾಕಾಲುವೆ:
ಇದೆಲ್ಲ ಯಾಕೆ, ಬಿಡುವ ಮೊದಲು ಕೊನೆಯ ಐದಾರು ತಿಂಗಳು ಬಾಡಿಗೆ ಕೊಡದೆ ಕೂತರೆ ಮುಗಿಯಿತು. ನಾನು ಹಾಗೇ ಮಾಡಿದ್ದು.

ಎರಡುಮನೆಯಮ್ಮ:
ಹೀಗೆ ಮಾಡುವವರಿಂದಲೇ ನಾವು ಎಲ್ಲರನ್ನೂ ಅನುಮಾನದಿಂದ ನೋಡುವ ಹಾಗಾಗಿದೆ. ನನಗೆ ತಿಂಗಳ ಬಾಡಿಗೆ ಬಂದರೆ ಔಷಧಿ.

ಕೋರ್ಟ್‌ಹಾದಿ:
ಓನರ್ ಒಪ್ಪಿದರೆ ಬರೆದುಕೊಂಡು ಮಾಡಿ. ಒಪ್ಪದೆ ಮಾಡಿದರೆ ಬಾಡಿಗೆ ಬಾಕಿ ನಿಮ್ಮ ತಲೆಗೆ ಬರುತ್ತದೆ, ಸರಿ ಇದ್ದವರು ತಪ್ಪಿತಸ್ಥರಾಗುತ್ತೀರಿ.

ಭದ್ರಾಕಾಲುವೆ:
ಒಪ್ಪಿದೆ. ನಮ್ಮ ಓನರ್ ಒಪ್ಪಿಯೇ ಇದ್ದರು, ಅದನ್ನು ಹೇಳಬೇಕಿತ್ತು.

ಕೋಟೆರಸ್ತೆ:
ನನ್ನದು ಸ್ವಲ್ಪ ಬೇರೆ. ನಮ್ಮದು ಭೋಗ್ಯ. ನಾಲ್ಕು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಮನೆ ಹಿಡಿದಿದ್ದೇವೆ. ಬರುವ ಮಾರ್ಚ್‌ಗೆ ಮುಗಿಯುತ್ತದೆ. ಓನರ್ ಹತ್ತಿರ ದುಡ್ಡು ಇಲ್ಲ ಅನ್ನುವುದು ಈಗಲೇ ಗೊತ್ತಾಗುತ್ತಿದೆ. ಬಾಂಡ್ ಪೇಪರ್ ಮೇಲೆ ಬರೆದದ್ದು, ರಿಜಿಸ್ಟರ್ ಆಗಿಲ್ಲ. ರಾತ್ರಿ ನಿದ್ದೆ ಬರುವುದಿಲ್ಲ.

ತುಂಗಾದಡ:
ದುಡ್ಡು ಕೈಗೆ ಬರುವ ತನಕ ಬೀಗದ ಕೈ ಕೊಡಬೇಡಿ ಅಣ್ಣ. ಭೋಗ್ಯದಲ್ಲಿ ಮನೆಯೇ ನಿಮ್ಮ ಆಧಾರ.

ಕೋರ್ಟ್‌ಹಾದಿ:
ಭೋಗ್ಯಕ್ಕೆ ಆ ಮಾತು ಬಹುಮಟ್ಟಿಗೆ ಸರಿ. ತಿಂಗಳ ಬಾಡಿಗೆ ಮನೆಗೆ ಅದೇ ಸಲಹೆ ಕೊಡಬೇಡಿ, ಕೂತಷ್ಟು ದಿನ ಬಾಡಿಗೆ ಏರುತ್ತಾ ಹೋಗುತ್ತದೆ.

ಕೋಟೆರಸ್ತೆ ಅವರೇ, ಒಂದು ವರ್ಷ ಮೀರಿದ ಲೀಸ್ ಆಗಲಿ, ಭೋಗ್ಯದ ಅಡಮಾನ ಆಗಲಿ, ರಿಜಿಸ್ಟರ್ ಆಗಬೇಕಿತ್ತು. ಆಗಿಲ್ಲ ಅಂದ ಮಾತ್ರಕ್ಕೆ ನಾಲ್ಕು ಲಕ್ಷ ಮುಳುಗಿತು ಅಂತಲ್ಲ. ದುಡ್ಡು ಬ್ಯಾಂಕ್ ಮೂಲಕ ಹೋಗಿದ್ದರೆ ಕೊಟ್ಟದ್ದಕ್ಕೆ ಅದೇ ಪುರಾವೆ. ನಿಜವಾದ ಅಪಾಯ ಬೇರೆ ಕಡೆ ಇದೆ. ಮನೆಯ ಮೇಲೆ ಓನರ್‌ದು ಬ್ಯಾಂಕ್ ಸಾಲ ಇದೆಯಾ ನೋಡಿ. ನೀವು ಬರುವ ಮೊದಲೇ ಸಾಲ ಇದ್ದು ಅವರು ಕಟ್ಟದಿದ್ದರೆ ಬ್ಯಾಂಕ್ 2002ರ ಸರ್ಫೇಸಿ ಕಾಯ್ದೆಯಡಿ ಮನೆ ಹರಾಜಿಗೆ ಹಾಕಬಹುದು, ಆಗ ರಿಜಿಸ್ಟರ್ ಆಗದ ನಿಮ್ಮ ಕಾಗದ ಬಹಳ ದುರ್ಬಲ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. ತೆಗೆಸಿ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ. ಕೆಲವು ಸಾಲ ಇ.ಸಿ.ಯಲ್ಲಿ ಕಾಣುವುದಿಲ್ಲ, ಆದ್ದರಿಂದ ಮೂಲ ಪತ್ರಗಳನ್ನು ತೋರಿಸಿ ಅಂತ ಓನರ್‌ಗೆ ಕೇಳಿ. ಮಾರ್ಚ್ ತನಕ ಕಾಯಬೇಡಿ, ಈಗಲೇ ಬರಹದಲ್ಲಿ ತಿಳಿಸಿ.

ಕೋಟೆರಸ್ತೆ:
ಅರ್ಧ ಬ್ಯಾಂಕಲ್ಲಿ, ಅರ್ಧ ನಗದು ಕೊಟ್ಟಿದ್ದೆ. ನಗದಿಗೆ ರಸೀದಿ ಇಲ್ಲ.

ಕೋರ್ಟ್‌ಹಾದಿ:
ಬಾಂಡ್ ಪೇಪರ್‌ನಲ್ಲಿ ನಾಲ್ಕು ಲಕ್ಷ ಮುಟ್ಟಿದೆ ಅಂತ ಬರೆದು ಸಹಿ ಇದ್ದರೆ ಅದು ಕೆಲಸಕ್ಕೆ ಬರುತ್ತದೆ. ಛಾಪಾ ಶುಲ್ಕ ಕಡಿಮೆ ಬಿದ್ದಿದ್ದರೆ ಕೋರ್ಟಿನಲ್ಲಿ ಅದನ್ನೂ ದಂಡವನ್ನೂ ಕಟ್ಟಬೇಕಾಗುತ್ತದೆ. ಈಗಲೇ ಒಂದು ಮೆಸೇಜ್ ಹಾಕಿ, "ನಾನು ಕೊಟ್ಟ ನಾಲ್ಕು ಲಕ್ಷ ಮಾರ್ಚ್‌ನಲ್ಲಿ ಹೇಗೆ ಕೊಡುತ್ತೀರಿ" ಅಂತ. ಅವರ ಉತ್ತರ ಬರಲಿ.

ತೀರ್ಥಹಳ್ಳಿತೋಟ:
ನಮ್ಮ ಅಕ್ಕನ ಮನೆಯ ಓನರ್ ತೀರಿಕೊಂಡರು. ಮಕ್ಕಳು ಬೆಂಗಳೂರಲ್ಲಿ. ಅಪ್ಪ ತೆಗೆದುಕೊಂಡ ಅಡ್ವಾನ್ಸ್ ನಮಗೆ ಗೊತ್ತಿಲ್ಲ ಅನ್ನುತ್ತಾರೆ. ಬೆಂಗಳೂರಿಗೇ ಹೋಗಿ ಕೇಸ್ ಹಾಕಬೇಕಾ?

ಕೋರ್ಟ್‌ಹಾದಿ:
ಬೇಡ. ಮನೆ, ವ್ಯವಹಾರ ಎರಡೂ ತೀರ್ಥಹಳ್ಳಿಯಲ್ಲಿ ನಡೆದಿದ್ದರೆ ಅಲ್ಲೇ ಹಾಕಬಹುದು. ಅಪ್ಪನ ಆಸ್ತಿ ಎಷ್ಟು ಮಕ್ಕಳ ಕೈಗೆ ಬಂದಿದೆಯೋ ಅಷ್ಟರ ಮಟ್ಟಿಗೆ ಅಪ್ಪನ ಸಾಲಕ್ಕೂ ಅವರು ಹೊಣೆ. ಮನೆ ಬೇಕು, ಅಡ್ವಾನ್ಸ್ ಗೊತ್ತಿಲ್ಲ ಅಂದರೆ ನಡೆಯುವುದಿಲ್ಲ.

ಶಂಕರಘಟ್ಟರೂಮ್:
ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳಬಾರದು ಅಂತ ಕಾನೂನು ಬಂದಿದೆಯಲ್ಲ? ಇವರು ಆರು ತಿಂಗಳದ್ದು ಕೊಟ್ಟಿದ್ದಾರೆ.

ಕೋರ್ಟ್‌ಹಾದಿ:
ಅದು ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ. ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಕಚೇರಿಗೆ ಆರು ತಿಂಗಳು ಅಂತ ಅದರಲ್ಲಿ ಇದೆ. ಅದು ಮಾದರಿ ಅಷ್ಟೇ. ರಾಜ್ಯ ತಾನೇ ಕಾನೂನು ಮಾಡಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದನ್ನು ಹಿಡಿದು ವಾದ ಮಾಡಬೇಡಿ.

ಮಹಡಿಮನೆ ಅವರೇ, ಮೊದಲು ಒಂದು ಪತ್ರ ಹಾಕಿ. ವಕೀಲರೇ ಬೇಕಿಲ್ಲ, ನೀವೇ ಬರೆಯಬಹುದು. ಯಾವಾಗ ಬಂದಿರಿ, ಎಷ್ಟು ಕೊಟ್ಟಿರಿ, ಯಾವಾಗ ಬಿಟ್ಟಿರಿ, ಎಷ್ಟು ಬರಬೇಕು, 15 ದಿನದೊಳಗೆ ಕೊಡಿ. ಕೊಡದಿದ್ದರೆ ಇಂದಿನಿಂದ ಬಡ್ಡಿ ಸಮೇತ ವಸೂಲಿ ಮಾಡುತ್ತೇನೆ ಅಂತಲೂ ಬರೆಯಿರಿ. ಬಡ್ಡಿಯನ್ನು ಬರಹದಲ್ಲಿ ಕೇಳಿದ ದಿನ ಮುಂದೆ ಲೆಕ್ಕಕ್ಕೆ ಬರುತ್ತದೆ. ಬೈಗುಳ ಬೇಡ. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿದೆ, ಸ್ಪೀಡ್ ಪೋಸ್ಟ್‌ನಲ್ಲೇ ಮುಟ್ಟಿದ ದಾಖಲೆ ಸಿಗುವ ಹಾಗೆ ಕಳಿಸಿ. ತೆಗೆದುಕೊಳ್ಳದೆ ವಾಪಸ್ ಬಂದರೆ ಕವರ್ ಒಡೆಯಬೇಡಿ, ಹಾಗೇ ಇಡಿ. ಅದೂ ಸಾಕ್ಷಿಯೇ.

ಮಹಡಿಮನೆ:
ಇವತ್ತೇ ಬರೆಯುತ್ತೇನೆ ಸಾರ್. ಎಲ್ಲರಿಗೂ ಧನ್ಯವಾದ.

ಮಹಡಿಮನೆ (ಹದಿನೆಂಟು ದಿನದ ನಂತರ):
ಏನಾಯಿತು ಅಂತ ತಿಳಿಸುತ್ತೇನೆ. ಪತ್ರ ಹಾಕಿದೆ, 50,500 ಕೇಳಿದೆ. ಎರಡು ವರ್ಷದ ಹಿಂದಿನ ಬೂಸ್ಟಿನ ಫೋಟೋ, ಅವರ ಉತ್ತರ ಎರಡನ್ನೂ ಪ್ರಿಂಟ್ ಮಾಡಿಸಿ ಜೊತೆಗೆ ಇಟ್ಟೆ. ಮುಟ್ಟಿದ ಮಾರನೇ ದಿನವೇ ಫೋನ್ ಬಂತು. ಸಿಟ್ಟಲ್ಲಿದ್ದರು. ಇಷ್ಟು ವರ್ಷ ಮನೆಯವರ ಹಾಗೆ ಇದ್ದು ಕಾಗದ ಕಳಿಸುವುದಾ ಅಂದರು. ನನಗೂ ಒಂದು ಕ್ಷಣ ಬೇಜಾರಾಯಿತು, ಅವರ ಮನೆಯವರು ನಮ್ಮ ಮಗಳಿಗೆ ಜ್ವರ ಬಂದಾಗ ಗಂಜಿ ಮಾಡಿ ಕಳಿಸಿದವರು. ಮನೆಯವರ ಹಾಗೆ ಇದ್ದದ್ದಕ್ಕೇ ಐದು ತಿಂಗಳು ಕಾದೆ ಅಂದೆ. ನಿನ್ನೆ 40,000 ಈಗ ಕೊಡುತ್ತೇನೆ, ಅಲ್ಲಿಗೆ ಮುಗಿಸೋಣ ಅಂದಿದ್ದಾರೆ. ಒಪ್ಪಿಕೊಳ್ಳಲಾ?

ಸಾಗರದನರ್ಸ್:
10,500 ಯಾಕೆ ಬಿಡಬೇಕು? ಬಣ್ಣದ ದುಡ್ಡು ಆಗಲೇ ಬಿಟ್ಟಿದ್ದೀರಿ.

ಎರಡುಮನೆಯಮ್ಮ:
ಬಣ್ಣದ ಬಿಲ್ ತೋರಿಸಿ ಅಂತ ಕೇಳಿ. ಇದ್ದರೆ ಮಾತಾಡಿ, ಇಲ್ಲದಿದ್ದರೆ ಒಪ್ಪಬೇಡಿ. ಓನರ್ ಆಗಿಯೇ ಹೇಳುತ್ತಿದ್ದೇನೆ.

ಹೊಸನಗರದವ:
ಬಂದಷ್ಟು ತೆಗೆದುಕೊಳ್ಳಿ ಅಣ್ಣ. ಬಳೆ ಅಡ ಇದೆ ಅಂದಿರಲ್ಲ, ಬಡ್ಡಿ ಏರುತ್ತದೆ.

ಕೋರ್ಟ್‌ಹಾದಿ:
40,000 ತೆಗೆದುಕೊಳ್ಳಿ, ಆದರೆ "ಪೂರ್ತಿ ಲೆಕ್ಕ ಚುಕ್ತಾ" ಅಂತ ಎಲ್ಲೂ ಸಹಿ ಹಾಕಬೇಡಿ. ಬ್ಯಾಂಕಿಗೇ ಹಾಕಿಸಿಕೊಳ್ಳಿ. "40,000 ಬಂತು, ಬಾಕಿ 10,500" ಅಂತ ಅವತ್ತೇ ಮೆಸೇಜ್ ಕಳಿಸಿ. ಆ ಬಾಕಿಗೆ ಜಿಲ್ಲಾ ಪ್ರಾಧಿಕಾರದಲ್ಲಿ ಅರ್ಜಿ ಕೊಡಿ. ಬಾಲರಾಜ ಅರಸ್ ರಸ್ತೆಯ ಕೋರ್ಟ್ ಆವರಣದಲ್ಲಿ ಕೇಳಿದರೆ ಯಾರಾದರೂ ತೋರಿಸುತ್ತಾರೆ.

ಮಹಡಿಮನೆ:
40,000 ಈಗ ಅಕೌಂಟಿಗೆ ಬಂತು. ನೀವು ಹೇಳಿದ ಹಾಗೇ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಸೋಮವಾರ ಅರ್ಜಿ ಕೊಡುತ್ತೇನೆ. ಅದಕ್ಕೆ ಮೊದಲು ನಾಳೆ ಗಾಂಧಿ ಬಜಾರಿಗೆ ಹೋಗಿ ಬಳೆ ಬಿಡಿಸಬೇಕು.

ಕೋಟೆರಸ್ತೆ:
ಸೋಮವಾರ ನಾನೂ ಆ ಕಡೆ ಬರುವವನಿದ್ದೇನೆ ಅಣ್ಣ. ಇ.ಸಿ. ತೆಗೆಸಿದೆ, ಅದರಲ್ಲಿ ಒಂದು ಬ್ಯಾಂಕ್ ಸಾಲ ಕಾಣುತ್ತಿದೆ. ಕಾಗದ ಎಲ್ಲ ತರುತ್ತೇನೆ, ಇಬ್ಬರೂ ಸೇರಿ ಒಳಗೆ ಹೋಗೋಣ.